ಕಾಕಾನ ಬೆಲ್ಲದ ನೀರು

ಬನಹಟ್ಟಿಯ ಆ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆ ಮಡಚಿ ಸೋಸುವುದು ಮೊದಲಿನಿಂದಲೂ ಹೆಂಗಸರ ಕೆಲಸ. ರವಿವಾರ ಮುಂಜಾನೆ ಮಾತ್ರ ಜಿನೇಂದ್ರ ಕಾಕಾ ಯಾರನ್ನೂ ಪಾತ್ರೆಯ ಹತ್ತಿರ ಬರಗೊಡುತ್ತಿರಲಿಲ್ಲ. ತಾನೇ ಸೋಸಬೇಕು, ತಾನೇ ಕಾಯಿಸಬೇಕು, ಆರಿದ ಮೇಲೆ ತಾನೇ ಜೋನಿಬೆಲ್ಲ ಹಾಕಿ ಕದಡಬೇಕು. ನಿಂಬೆಹಣ್ಣು ಹಿಂಡುವಾಗ ಬೀಜ ಬೀಳದಂತೆ ಬೆರಳು ಅಡ್ಡ ಹಿಡಿಯುತ್ತಿದ್ದ. ಉಪ್ಪು ಹಾಕುವಾಗ ಯಾರಾದರೂ ಮಾತಾಡಿಸಿದರೆ ಸಿಟ್ಟು.

"ಅಡಗಿಮನಿ ನನಗ ಯಾವಾಗ ಬಿಟ್ಟು ಕೊಡ್ತೀರಿ?" ಹೆಂಡತಿ ವೈಶಾಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಚಹಾ ಇಡಬೇಕು. ನಿಮ್ಮ ಅಭಿಷೇಕ ಮುಗೀತೋ ಇಲ್ಲೋ?"

"ತಡಿಲೇ ಒಂದೀಟು. ಉಪ್ಪು ಹಾಕಾಕತ್ತೇನಿ."

"ನೋಡವಾ ಮಾನಸಿ, ಲಗ್ನ ಆದಾಗಿಂದ ಒಂದ ಕಪ್ ಚಹಾ ಮಾಡಿ ಕೊಟ್ಟಿಲ್ಲ ಈ ಮನಷ್ಯಾ. ಈಗ ಉಪ್ಪಿನ ಹರಳು ಎಣಿಸಾಕತ್ತಾನ."

ಮಾನಸಿ ಜಗಲಿಯ ಮೇಲೆ ಕೂತು ಬೂಟಿನ ದಾರ ಕಟ್ಟುತ್ತ ಸುಮ್ಮನೆ ನಗುತ್ತಿದ್ದಳು. ಅಷ್ಟೆಲ್ಲ ಸಡಗರ ನಡೆಯುತ್ತಿದ್ದುದು ಅವಳ ಸೈಕಲ್ಲಿಗೆ ಸಿಗಿಸುವ ಎರಡು ಬಾಟ್ಲಿಗಳಿಗಾಗಿ. ಅವಳು ಕಾಕಾನ ಅಣ್ಣನ ಮಗಳು. ಜಮಖಂಡಿಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳ ದನಿ ಮಾಸ್ತರರಿಗೆ ಕೇಳಿಸದೆ ಎಷ್ಟೋ ಸಲ ಗೈರುಹಾಜರಿ ಬಿದ್ದಿತ್ತು. ಸೈಕಲ್ ಮೇಲೆ ಯಾರೂ ಮಾತಾಡಿಸುವುದಿಲ್ಲ ಎಂಬುದೇ ಮೊದಮೊದಲು ಅವಳಿಗೆ ಹಿಡಿಸಿದ ಸುಖ. ಆಮೇಲೆ ವೇಗವೂ ಹಿಡಿಸಿತು.

ಕಾಕಾನದು ಬಜಾರಿನಲ್ಲಿ ಅರಿಶಿನದ ವ್ಯಾಪಾರ. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯ ಹಳದಿ ಹೋಗುತ್ತಿರಲಿಲ್ಲ, ಬಾಟ್ಲಿಯ ಮೇಲೂ ಅದರ ಗುರುತು. ಜಮಖಂಡಿಯಲ್ಲಿ ಸೈಕಲ್ ಹುಡುಗರನ್ನು ತಯಾರು ಮಾಡುವ ಗಿರಮಲ್ಲಪ್ಪ ಅದನ್ನು ಕಂಡಾಗಲೆಲ್ಲ, "ಏನ್ರಿ ಸಾಹುಕಾರ್ರ, ರೇಸಿಗೆ ಕಳಸಾಕತ್ತೀರೋ, ಅರಿಷಿಣ ಹಚ್ಚಿ ಲಗ್ನಕ್ಕ ಕೂಡಸಾಕತ್ತೀರೋ?" ಎಂದು ನಗುತ್ತಿದ್ದ. ಗಿರಮಲ್ಲಪ್ಪನ ಹುಡುಗರೆಲ್ಲ ಅಂಗಡಿಯಲ್ಲಿ ಸಿಗುವ ಶಕ್ತಿಯ ಪುಡಿಯನ್ನು ನೀರಿಗೆ ಕಲಸಿ ಕುಡಿಯುತ್ತಿದ್ದರು. ಪುಡಿ ಕೊಳ್ಳಲಾಗದ ಮಗ್ಗದವರ, ಕೂಲಿಯವರ ಮಕ್ಕಳು ಬರೀ ನಳದ ನೀರು ಕುಡಿದು, ಒಂದು ತುಂಡು ರೊಟ್ಟಿ ಜೇಬಿನಲ್ಲಿಟ್ಟುಕೊಂಡು ಸೈಕಲ್ ಹೊಡೆಯುತ್ತಿದ್ದರು. ಆ ಮಕ್ಕಳಿಗೂ ಬೆಲ್ಲದ ನೀರು ಮುಟ್ಟಿಸಬೇಕು ಎಂಬುದು ಕಾಕಾನ ಆಸೆ.

ಹರೆಯದಲ್ಲಿ ಕಾಕಾನೂ ಸೈಕಲ್ ಹೊಡೆದವನೇ. ಮುಧೋಳದಿಂದ ಜಮಖಂಡಿಗೆ ಬರುವ ಒಂದು ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಊರು ಕಣ್ಣಿಗೆ ಕಾಣುವ ಹೊತ್ತಿಗೆ ಕೈ ನಡುಗಿ, ಕಣ್ಣಿಗೆ ಕತ್ತಲೆ ಕಟ್ಟಿ, ಸೈಕಲ್ ಕೆಡವಿ ಕಬ್ಬಿನ ಗಾಡಿಯೊಂದರ ನೆರಳಿನಲ್ಲಿ ಕೂತುಬಿಟ್ಟ. ಗಾಡಿಯವನು ಒಂದು ಹೆಂಟೆ ಬೆಲ್ಲ, ಒಂದು ತಂಬಿಗೆ ನೀರು ಕೊಟ್ಟ ಮೇಲೆ ಜೀವ ಬಂತು. ಅಷ್ಟರಲ್ಲಿ ರೇಸು ಮುಗಿದು ಮಂದಿ ಮನೆಗೆ ಹೋಗುತ್ತಿದ್ದರು.

"ಕಾಲು ಸೋತಿದ್ದಿಲ್ಲ ನಂದು," ಎಂದು ಇವತ್ತಿಗೂ ಹೇಳುತ್ತಿದ್ದ. "ಹೊಟ್ಟಿ ಸೋತಿತ್ತು. ಮಾನಸಿ, ನೀರಡಿಕಿ ಆಗೂದಕ್ಕ ಮೊದಲ ಕುಡೀಬೇಕು, ಹಸಿವು ಆಗೂದಕ್ಕ ಮೊದಲ ತಿನ್ನಬೇಕು. ನೀರಡಿಕಿ ಆತು ಅಂದ್ರ ತಡಾ ಆತಂತ ತಿಳಿ."

ತಿನ್ನುವುದಕ್ಕೂ ಅವನು ಏನೇನೋ ಮಾಡಿ ನೋಡಿದ್ದ. ಒಮ್ಮೆ ಗೋದಿ, ಬೆಲ್ಲದ ಮಾದಲಿ ಪುಡಿ ಕಟ್ಟಿ ಕೊಟ್ಟ. ಏರಿನಲ್ಲಿ ಏದುಸಿರು ಬಿಡುತ್ತ ಬಾಯಿಗೆ ಹಾಕಿಕೊಂಡ ಮಾನಸಿಗೆ ಆ ಪುಡಿ ಮೂಗಿಗೆ ಹತ್ತಿ, ಕೆಮ್ಮಿ ಕೆಮ್ಮಿ ಕಣ್ಣೀರು ಬಂದಿತ್ತು. ಕಡೆಗೆ ಶೇಂಗಾ ಉಂಡಿ, ಬಾಳೆಹಣ್ಣು ಎಂದಾಯಿತು. ಉಂಡಿಯನ್ನು ಒಂದೇ ತುತ್ತಿಗೆ ಸರಿಯಾಗುವಷ್ಟು ಸಣ್ಣದಾಗಿ ಕಟ್ಟುತ್ತಿದ್ದವನೂ ಕಾಕಾನೇ.

ಶಿವರಾತ್ರಿ ಕಳೆದ ಮೇಲೆ ಜಿಲ್ಲೆಯ ಆಯ್ಕೆಯ ರೇಸಿತ್ತು. ಜಮಖಂಡಿಯಿಂದ ಬೀಳಗಿಗೆ ಹೋಗಿ ತಿರುಗಿ ಜಮಖಂಡಿಗೆ ಬರಬೇಕು. ಮೊದಲ ನಾಲ್ಕು ಹುಡುಗಿಯರು ರಾಜ್ಯದ ರೇಸಿಗೆ. ಚಳಿಗಾಲದಲ್ಲೇ ಗಿರಮಲ್ಲಪ್ಪ ನಾಲ್ಕು ಮಂದಿಯ ಎದುರು ಕಾಕಾನಿಗೆ ಹೇಳಿದ್ದ:

"ನಿಮ್ಮ ಹುಡುಗಿ ಬೆಲ್ಲದ ನೀರ ಮ್ಯಾಲ ನಾಲ್ಕರಾಗ ಬಂದ್ಲಂದ್ರ, ನನ್ನ ಹುಡುಗೂರ ಬಾಟ್ಲೀನೂ ನೀವ ತುಂಬ್ರಿ. ನಾ ಪುಡಿ ಡಬ್ಬಿ ಹೊರಗ ಒಗೀತೇನಿ. ಬರಲಿಲ್ಲಂದ್ರ ಮತ್ತ ಈ ಮಾತು ತಗೀಬಾರದು."

"ಖರೆ?"

"ಖರೆ."

ಅವತ್ತು ಮನೆಗೆ ಬರುವಾಗ ಕಾಕಾ ಮೋಟರ್ ಸೈಕಲ್ಲಿನ ಮೇಲೆ ಹಾಡುತ್ತ ಬಂದಿದ್ದ. ಹಿಂದೆ ಸೈಕಲ್ ಮೇಲೆ ಬರುತ್ತಿದ್ದ ಮಾನಸಿ ಒಂದೂ ಮಾತಾಡಿರಲಿಲ್ಲ. ಯಾಕೆಂದರೆ ಆ ಹೊತ್ತಿಗಾಗಲೇ ಅವಳು ಕಾಕಾನ ಬೆಲ್ಲದ ನೀರು ಕುಡಿಯುವುದನ್ನು ಬಿಟ್ಟಿದ್ದಳು.

ಅದು ಒಂದೇ ದಿನಕ್ಕೆ ಆದದ್ದಲ್ಲ.

ರವಿವಾರದ ದೊಡ್ಡ ಸವಾರಿ ಎಂದರೆ ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಬೀಳಗಿ, ಆಮೇಲೆ ಮುಧೋಳದ ಕಡೆ ತಿರುಗಿ ರನ್ನ ಬೆಳಗಲಿ ಮೇಲೆ ಹಾಯ್ದು ಮನೆ. ಕಾಕಾ ಮೋಟರ್ ಸೈಕಲ್ಲಿನಲ್ಲಿ ಮುಂದೆ ಹೋಗಿ ಎಲ್ಲಾದರೂ ಬೇವಿನ ಮರದ ಕೆಳಗೆ ಬಾಳೆಹಣ್ಣು, ಇನ್ನೊಂದು ತುಂಬಿದ ಬಾಟ್ಲಿ ಹಿಡಿದು ನಿಂತಿರುತ್ತಿದ್ದ. ಎರಡು ಬಾಟ್ಲಿ ಕುಡಿದು ಮೂರನೆಯದು ಹಿಡಿಯುವ ಹೊತ್ತಿಗೆ ಮಾನಸಿಗೆ ಬೇರೆ ಚಿಂತೆ ಶುರುವಾಗುತ್ತಿತ್ತು. ಗಂಡು ಹುಡುಗರು ಎಲ್ಲಿ ಬೇಕಾದಲ್ಲಿ ಸೈಕಲ್ ಒರಗಿಸಿ ಬೇಲಿಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಅವಳು ಎಲ್ಲಿ ಹೋಗಬೇಕು? ದಾರಿಯ ತುಂಬ ಹೊಲ, ಹೊಲದ ತುಂಬ ಮಂದಿ, ಟ್ರ್ಯಾಕ್ಟರು, ಹಾರ್ನು.

ಒಮ್ಮೆ ತಡೆಯಲಾಗದೆ ಕಬ್ಬಿನೊಳಗೆ ನುಸುಳಿದಳು. ನಾಲ್ಕು ಸಾಲು ದಾಟುವುದರೊಳಗೆ ನೀರು ಹಾಯಿಸುತ್ತಿದ್ದವನ ದನಿ: "ಯಾರಲೇ ಅದು? ಕಬ್ಬ ಮುರ್ಯಾಕ ಬಂದೀರೇನ?" ಗರಿ ಗೀಚಿ ಮೊಣಕೈ ಹರಿದರೂ ನಿಲ್ಲದೆ ಓಡಿ ಬಂದು ಸೈಕಲ್ ಹತ್ತಿದಳು.

ಇನ್ನೊಂದು ಸಲ ಧೈರ್ಯ ಮಾಡಿ ಬೀಳಗಿ ರಸ್ತೆಗೆ ಹತ್ತಿದ ಮನೆಯೊಂದರ ಮುಂದೆ ಇಳಿದಳು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸು ಮುಖ ನೋಡಿಯೇ ತಿಳಿದುಕೊಂಡಳು. "ಹಿತ್ತಲಾಗ ಐತಿ, ಹೋಗವಾ ನಮ್ಮವ್ವಾ. ಬಕೀಟಿನ್ಯಾಗ ನೀರದಾವು." ಆ ಹೆಂಗಸಿನ ಹೆಸರು ಶೇವಂತಿ. ಅಷ್ಟಕ್ಕೇ ಮುಗಿದಿದ್ದರೆ ಮಾನಸಿ ಜೀವಮಾನವಿಡೀ ಅವಳಿಗೆ ಕೈ ಮುಗಿಯುತ್ತಿದ್ದಳು. ಹೊರಗೆ ಬರುವಷ್ಟರಲ್ಲಿ ಕಂಬಳಿ ಹಾಸಿತ್ತು, ಒಲೆಯ ಮೇಲೆ ಚಹಾ ಇತ್ತು.

"ಕುಂಡ್ರು. ಹಂಗ ಹೋಗಬಾರದು ಮನಿಗಿ ಬಂದಾಕಿ."

"ಬ್ಯಾಡ್ರಿ, ನನಗ ತಡಾ ಆಗತೈತ್ರಿ…"

"ಯಾವ ತಡಾ? ಸೈಕಲ್ಲೇನ ಓಡಿ ಹೋಗತೈತೇನು? ಯಾರ ಪೈಕಿ ನೀವು? ಬನಹಟ್ಟಿನಾ? ಅಲ್ಲಿ ನಮ್ಮ ಮನಿಯವರ ಅಕ್ಕನ್ನ ಕೊಟ್ಟಾರ ನೋಡು. ಲಗ್ನ ಆಗೇತೇನು?"

"ಇಲ್ರಿ."

"ಮತ್ತ ಈ ಚಡ್ಡಿ ಹಾಕ್ಕೊಂಡ ಸೈಕಲ್ ಹೊಡ್ಯಾಕ ಮನ್ಯಾಗ ಬಿಡ್ತಾರು? ಛಲೋ ಮಂದಿ ಬಿಡು. ತಗೋ, ಅವಲಕ್ಕಿ ತಿನ್ನು. ಉಳ್ಳಾಗಡ್ಡಿ ತಿನ್ನೂದಿಲ್ಲಾ? ಅಯ್ಯ, ಆರಿಸಿ ಇಡು. ಅಲ್ಲ, ಇರು, ಬ್ಯಾರೆ ಒಗ್ಗರಣಿ ಹಾಕಿ ಕೊಡ್ತೇನಿ."

ಒಲ್ಲೆ ಎನ್ನಲು ಬಾಯಿ ಬರದೆ ಮಾನಸಿ ಎರಡನೇ ಸಲ ಒಗ್ಗರಣೆ ಹಾಕಿದ ಅವಲಕ್ಕಿಯನ್ನೂ ತಿಂದಳು, ಚಹಾ ಕುಡಿದಳು, ಗೋಡೆಯ ಮೇಲಿನ ಫೋಟೋದಲ್ಲಿದ್ದವರೆಲ್ಲ ಯಾರು ಯಾರು ಎಂದು ಕೇಳಿಸಿಕೊಂಡಳು. ಮುಂದಿನ ಬೇವಿನ ಮರದ ಕೆಳಗೆ ಕಾಕಾ ರಸ್ತೆಗೆ ಬಂದು ನಿಂತಿದ್ದ. ಮುಖ ಸಣ್ಣಗಾಗಿತ್ತು.

"ಎಲ್ಲಿ ಹೋಗಿದ್ದೀ? ಚಕ್ಕಡಿ ಸುದ್ಧಾ ನಿನ್ನ ದಾಟಿ ಬಂತಲ್ಲ! ಬಿದ್ಯೇನು? ಪಂಚರ್ ಆತೇನು?"

"ಚೈನ್ ಬಿದ್ದಿತ್ರಿ ಕಾಕಾ."

ಕಾಕಾ ಅಲ್ಲೇ ಸೈಕಲ್ ಬೋರಲು ಹಾಕಿ, ಸರಿಯಾಗಿಯೇ ಇದ್ದ ಚೈನನ್ನು ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿದ. ಎಣ್ಣೆ ಹಾಕಿದ. ಅವನ ಬಗ್ಗಿದ ಬೆನ್ನನ್ನು ನೋಡುತ್ತ ನಿಂತ ಮಾನಸಿಗೆ ಹೇಳಿಬಿಡಬೇಕು ಅನಿಸಿತು. ಆದರೆ ಕಾಕಾನ ಮುಂದೆ ಆ ಮಾತು ಯಾವ ಶಬ್ದದಿಂದ ಶುರುವಾಗುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾವ ಹೆಂಗಸೂ ಯಾವ ಗಂಡಸಿನ ಮುಂದೆಯೂ ಅದನ್ನು ಆಡಿದ್ದು ಅವಳು ಕೇಳಿರಲಿಲ್ಲ.

ಕೇಳಿದ್ದು ಬೇರೆ. ಯಾತ್ರೆಗೆಂದು ಕುಂಭೋಜಕ್ಕೆ ಹೋಗುವುದಿರಲಿ, ಲಗ್ನಕ್ಕೆ ಸಾವಳಗಿಗೆ ಹೋಗುವುದಿರಲಿ, ಹಿಂದಿನ ಸಂಜೆ ಪದ್ಮವ್ವ ಅಜ್ಜಿ ಅಡಿಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: "ನಾಳೆ ಗಾಡ್ಯಾಗ ಕುಂಡ್ರೂದೈತಿ. ಇವತ್ತಿಂದನ ಬಾಯಿ ಕಟ್ರಿ." ಅಷ್ಟೇ. ಮನೆಯ ಹೆಂಗಸರೆಲ್ಲ ನೀರಿನ ತಂಬಿಗೆ ಮುಟ್ಟುತ್ತಿರಲಿಲ್ಲ. ಟೆಂಪೋ ನಿಂತಲ್ಲೆಲ್ಲ ಗಂಡಸರು ಇಳಿದು ಚಹಾ ಕುಡಿಯುತ್ತಿದ್ದರು. ಹೆಂಗಸರು ತುಟಿ ಒಣಗಿಸಿಕೊಂಡು ಸೀಟಿನಲ್ಲಿ ಕೂತಿರುತ್ತಿದ್ದರು. ಮಾನಸಿಗೂ ಅದು ಬಂದಿತ್ತು, ಯಾರೂ ಕಲಿಸದೆ ರೊಟ್ಟಿ ತಟ್ಟುವುದು ಬಂದ ಹಾಗೆ.

ಮುಂದಿನ ರವಿವಾರದಿಂದ ಸೈಕಲ್ ಮೇಲೂ ಅವಳು ಬಾಯಿ ಕಟ್ಟಿದಳು. ಬಾಟ್ಲಿ ತುಂಬಿದ್ದರೆ ಕಾಕಾ ಕೇಳುತ್ತಾನೆ. ಅದಕ್ಕೆ ಅವನು ಕಣ್ಣಿಗೆ ಮರೆಯಾದ ಮೇಲೆ ಇಳಿದು, ಹೊಲದ ಕಾಲುವೆಯ ಹರಿಯುವ ನೀರಿಗೆ ಬಗ್ಗಿಸುತ್ತಿದ್ದಳು. ಮೊದಲ ಸಲ ರಸ್ತೆಯ ದಂಡೆಗೆ ಚೆಲ್ಲಿದ್ದಳು. ಮರುದಿನ ಅದೇ ದಾರಿಯಲ್ಲಿ ಹೋಗುವಾಗ ನೋಡಿದರೆ ಬೆಲ್ಲದ ಕಲೆಗೆ ಇರುವೆಯ ಸಾಲು ಹತ್ತಿ, ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರಿನ ಗಾಲಿ ಹಾಯ್ದು ಹೋಗಿತ್ತು. ಇರುವೆ ಕಂಡರೆ ಪಂಚೆ ಎತ್ತಿ ದಾಟುವ ಜೈನರ ಮನೆಯವಳು ಅವಳು. ಅವತ್ತು ಊಟ ಸೇರಲಿಲ್ಲ. ಆಮೇಲೆ ಹರಿಯುವ ನೀರು ಸಿಗದಿದ್ದರೆ ಸಿಗುವ ತನಕ ಬಾಟ್ಲಿಯನ್ನು ಹೊತ್ತುಕೊಂಡೇ ಹೋಗುತ್ತಿದ್ದಳು.

ಕಾಕಾ ಬಾಟ್ಲಿ ಬೋರಲು ಮಾಡಿ ನೋಡಿ ಹಿಗ್ಗುತ್ತಿದ್ದ. "ಶಾಣ್ಯಾಕಿ! ಒಂದ ಹನಿ ಉಳಿಸಿಲ್ಲ. ನೋಡ್ಲೇ ವೈಶಾಲಿ, ಈಗ ನಾ ಮಾಡಿದ್ದು ಎಲ್ಲಾ ಹೊಟ್ಟಿಗಿ ಹತ್ತಾಕತ್ತೇತಿ."

ಚಳಿಗಾಲ ಅವಳನ್ನು ಕಾಪಾಡಿತು. ಮುಂಜಾನೆಯ ತಂಪಿನಲ್ಲಿ ಎರಡು ಗುಟುಕಿನ ಮೇಲೆಯೂ ಕಾಲು ನಡೆಯುತ್ತಿದ್ದವು. ವೇಗ ಹೆಚ್ಚಿತು, ಗಿರಮಲ್ಲಪ್ಪನ ಹುಡುಗಿಯರಲ್ಲಿ ಇಬ್ಬರನ್ನು ಹಿಂದೆ ಹಾಕಿದಳು. ಅದೆಲ್ಲ ಬೆಲ್ಲದ ನೀರಿನ ಪ್ರತಾಪ ಎಂದು ಕಾಕಾ ಬಜಾರಿನಲ್ಲಿ ಹೇಳಿಕೊಂಡು ಬಂದ. ಮಗ್ಗದವರ ಓಣಿಯ ಹುಡುಗರು ನಾಲ್ಕಾರು ಮಂದಿ ಆಗಲೇ ಬಾಟ್ಲಿ ಹಿಡಿದು ಬರತೊಡಗಿದ್ದರು. ಅವನು ತುಂಬಿ ಕೊಡುತ್ತಿದ್ದ. ಮನೆಗೆ ಬಂದ ಮೇಲೆ ಮಾನಸಿಗೆ ತಲೆ ಸಿಡಿಯುತ್ತಿತ್ತು. ಬಿಸಿಲಿಗೆ ಎಂದು ಹೇಳಿ ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗುತ್ತಿದ್ದಳು.

ರೇಸಿನ ದಿನ ಜಮಖಂಡಿಯ ಮೈದಾನದ ತುಂಬ ಗಂಡಸರು, ಧ್ವನಿವರ್ಧಕ, ಹಾರ. ಹುಡುಗಿಯರಿಗೆ ಎಂದು ತೋರಿಸಿದ ಪಾಯಿಖಾನೆಗೆ ಕೀಲಿ ಹಾಕಿತ್ತು. ಕೀಲಿ ಯಾರ ಹತ್ತಿರ ಇದೆ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುತ್ತಿದ್ದರು. ಮಾನಸಿ ಕೇಳಲೂ ಹೋಗಲಿಲ್ಲ. ಹಿಂದಿನ ಸಂಜೆಯಿಂದಲೇ ಅವಳು ನೀರು ಮುಟ್ಟಿರಲಿಲ್ಲ.

"ಕುಡದ್ಯಾ?" ಸೈಕಲ್ ಹಿಡಿದು ನಿಂತ ಕಾಕಾ ಕೇಳಿದ.

"ಹೂಂನ್ರಿ."

"ಸೈಕಲ್ಲಿಗೆ ಒಂದ ಬಾಟ್ಲಿ ಸಿಗಿಸೇನಿ. ಇನ್ನೊಂದು ಹಿಡಕೊಂಡು ಬೀಳಗಿ ತಿರುವಿನ್ಯಾಗ ಎಡಕ್ಕ ನಿಂತಿರ್ತೇನಿ. ಕೈ ಚಾಚು ಸಾಕು, ನಾ ಜೋಡಿ ಓಡಿ ಬಂದು ಕೊಡ್ತೇನಿ. ಹೆದರಬ್ಯಾಡ. ಬ್ಯಾರೇದವ್ರ ಹೊಟ್ಟ್ಯಾಗ ಪುಡಿ ಐತಿ, ನಿನ್ನ ಹೊಟ್ಟ್ಯಾಗ ನಿಮ್ಮ ಕಾಕಾ ಇದ್ದಾನ."

ಬೀಳಗಿಯ ತನಕ ಅವಳು ಮೂರನೆಯವಳು. ಮುಂದಿನವರ ಗಾಲಿಗೆ ತನ್ನ ಗಾಲಿ ಹತ್ತಿಸಿಕೊಂಡು, ತಲೆ ತಗ್ಗಿಸಿ, ಗಾಳಿ ತಪ್ಪಿಸಿಕೊಂಡು ಹೊರಟಿದ್ದಳು. ತಿರುವಿನಲ್ಲಿ ಕಾಕಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿ ಬಂದ. ಬಾಟ್ಲಿ ಕೈಗೆ ಬಂತು. "ಕುಡೀ! ಈಗ ಕುಡೀ!" ಎಂಬ ದನಿ ಬೆನ್ನ ಹಿಂದೆ ಉಳಿಯಿತು.

ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ತಣ್ಣಗಿತ್ತು. ಒದ್ದೆ ಬಟ್ಟೆ ಸುತ್ತಿ ತಂದಿದ್ದನೇನೋ. ಇನ್ನೊಂದು ಗುಟುಕು ಎಂದು ಮೈಯೆಲ್ಲ ಕೇಳಿತು. ಆದರೆ ತಿಂಗಳಾನುಗಟ್ಟಲೆ ತಡೆದು ತಡೆದು ಗಂಟಲೇ ಬಾಗಿಲು ಹಾಕಿಕೊಂಡಂತಾಗಿತ್ತು. ಮುಗಿಸಿದ ಮೇಲೆ ಬಹುಮಾನ, ಭಾಷಣ, ಫೋಟೋ, ಆ ಕೀಲಿ ಹಾಕಿದ ಬಾಗಿಲು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ರಸ್ತೆ ಬಾಗಿ ಕಾಕಾ ಮರೆಯಾದ ಮೇಲೆ ಬಾಟ್ಲಿ ಬೋರಲು ಮಾಡಿದಳು. ಹರಿಯುವ ನೀರು ಹುಡುಕುವ ಹೊತ್ತಲ್ಲ ಅದು. ಕಾದ ಡಾಂಬರಿನ ಮೇಲೆಯೇ ಬಿತ್ತು. ಹಿಂದೆ ಬರುತ್ತಿದ್ದ ಗಾಲಿಗಳು ಅದರ ಮೇಲೆ ಹಾಯ್ದದ್ದು ಕೇಳಿಸಿತು. ಇನ್ನೊಂದು ಬಾಟ್ಲಿಯೂ ಅಲ್ಲಿಂದ ಸ್ವಲ್ಪ ದೂರದಲ್ಲಿ ಖಾಲಿಯಾಯಿತು.

ಬಿಸಿಲು ನೆತ್ತಿಗೆ ಬಂದಿತ್ತು. ಉಂಡಿ ಬಾಯಿಗೆ ಹಾಕಿಕೊಂಡರೆ ಎಂಜಲೇ ಇಲ್ಲದೆ ಉಸುಕಿನ ಹಾಗೆ ನಿಂತಿತು. ಉಗುಳಿದಳು. ಏರು ಬಂದಾಗ ಮೊದಲು ಎಡಗಾಲಿನ ಮೀನಖಂಡ ಕಲ್ಲಾಯಿತು, ಆಮೇಲೆ ಬಲಗಾಲಿನದು. ಮುಂದಿನ ಗಾಲಿ ಒಂದು ಮಾರು ದೂರವಾಯಿತು, ಎರಡು ಮಾರಾಯಿತು. ಅಷ್ಟು ಬಿಸಿಲಿನಲ್ಲಿ ಚಳಿ ಹತ್ತಿ ಕೈಯ ರೋಮ ನಿಂತವು. ಬೆವರೇ ಇರಲಿಲ್ಲ. ನಾಲ್ಕನೆಯವಳು ದಾಟಿದಳು, ಐದನೆಯವಳು ದಾಟಿದಳು. ಅವಳ ಹೆಸರು ಮಾನಸಿಗೆ ಗೊತ್ತಿತ್ತು, ನೆನಪಾಗಲಿಲ್ಲ. ರಸ್ತೆ ಎದ್ದು ಮುಖಕ್ಕೆ ಬಂತು.

ಎಚ್ಚರವಾದಾಗ ಜಾಲಿಯ ಚೂರು ನೆರಳಿನಲ್ಲಿ ತಲೆ ಕಾಕಾನ ತೊಡೆಯ ಮೇಲಿತ್ತು. ಅವನು ತನ್ನ ಪಂಚೆಯ ತುದಿ ಒದ್ದೆ ಮಾಡಿ ಅವಳ ಮುಖ ಒರೆಸುತ್ತಿದ್ದ. ಗಿರಮಲ್ಲಪ್ಪನ ಜೀಪು ಬಂದು ನಿಂತಿತ್ತು. ಅವನು ಕೆಟ್ಟ ಮನುಷ್ಯನಲ್ಲ, ಗಾಬರಿಯಾಗಿದ್ದ. ಗಾಬರಿಯಾದವರ ದನಿ ದೊಡ್ಡದಾಗಿರುತ್ತದೆ.

"ಏನ್ ಕುಡಿಸಿದ್ರಿ ಈ ಹುಡುಗೀಗೆ?"

"ನಾ ಯಾವಾಗ್ಲೂ ಮಾಡೂದ… ಬೆಲ್ಲದ ನೀರು…"

"ಕುಡದ್ಲೋ ಇಲ್ಲೋ?"

ಕಾಕಾ ಸೈಕಲ್ಲಿನಿಂದ ಬಾಟ್ಲಿ ಕಿತ್ತು ಬೋರಲು ಹಿಡಿದು ಅಲ್ಲಾಡಿಸಿದ. ಇನ್ನೊಂದನ್ನೂ ಅಲ್ಲಾಡಿಸಿದ. ಒಂದು ಹನಿಯೂ ಬೀಳಲಿಲ್ಲ. ಅವನ ಮುಖದ ಮೇಲೆ ಏನೋ ಇಳಿದು ಬಂದದ್ದನ್ನು ಮಾನಸಿ ಕೆಳಗಿನಿಂದ ನೋಡಿದಳು.

"ಎಲ್ಲಾ ಕುಡದಾಳ," ಎಂದ. "ಎರಡೂ ಕುಡದಾಳ."

"ಅದಕ್ಕ ಹಿಂಗಾಗೇತಿ ಮತ್ತ! ಎಷ್ಟ ಸಲ ಹೇಳೇನ್ರಿ ನಿಮಗ, ಅಂಗಡ್ಯಾಗ ಅಳತಿ ಮಾಡಿದ್ದು ಸಿಗತೈತಿ ಅಂತ? ಇದೇನು ಮದವಿ ಮನಿ ಪಾನಕೇನ್ರಿ? ಎತ್ತರಿ, ಜೀಪಿನ್ಯಾಗ ಹಾಕ್ರಿ ಮೊದಲ."

ಮಾನಸಿ ಬಾಯಿ ತೆರೆದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಸುತ್ತ ಹದಿನೈದು ಗಂಡಸರು ನಿಂತಿದ್ದರು.

ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದ ಡಾಕ್ಟರಿಗೆ ಕಾಕಾ ಕೈ ಜೋಡಿಸಿಕೊಂಡು, ಕುಡಿದಿದ್ದಾಳ್ರಿ, ನಾನೇ ಮಾಡಿ ಕೊಟ್ಟದ್ದು, ಎಂದ. ಏನೇನು ಹಾಕಿದ್ರಿ ಎಂದು ಅವರು ಕೇಳಿದರು. ಬೆಲ್ಲವೋ ಉಪ್ಪೋ ಹೆಚ್ಚಾದರೆ ಕುಡಿದ ನೀರು ಮೈಗೆ ಹತ್ತದೆ ಇದ್ದ ನೀರನ್ನೂ ಎಳೆಯುತ್ತದೆ, ಮನೆಯಲ್ಲಿ ಕಣ್ಣಳತೆಯಿಂದ ಮಾಡಿದರೆ ಹೀಗಾಗುವುದುಂಟು ಎಂದರು. ಬೈಯಲಿಲ್ಲ. ಮುಂದಿನ ಮಂಚಕ್ಕೆ ಹೋದರು. ಕಾಕಾ ತನ್ನ ಹಳದಿ ಬೆರಳುಗಳನ್ನು ನೋಡಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತ. ಅವಳಿಗೆ ನಿದ್ದೆ ಬಂದಿದೆ ಎಂದುಕೊಂಡು ಮೆಲ್ಲಗೆ, "ನಾನ ನಿನ್ನ ಕೆಡವಿದ್ನಲ್ಲವ್ವಾ," ಎಂದ.

ಅವಳು ಕಣ್ಣು ತೆರೆಯಲಿಲ್ಲ.

ಮುಂದಿನ ರವಿವಾರ ಕಾಕಾ ಅಡಿಗೆಮನೆಗೆ ಬರಲಿಲ್ಲ. ಬಜಾರಿಗೂ ಹೋಗಲಿಲ್ಲ. ಮಗ್ಗದವರ ಓಣಿಗೆ ಹೋಗಿ, ಚಳಿಗಾಲದಲ್ಲಿ ತಾನು ಬಾಟ್ಲಿ ತುಂಬಿ ಕೊಟ್ಟ ಹುಡುಗರ ಮನೆಗಳ ಬಾಗಿಲು ಒಂದೊಂದಾಗಿ ತಟ್ಟಿದ. "ನಾ ಹೇಳಿಕೊಟ್ಟದ್ದು ಮಾಡಬ್ಯಾಡ್ರಿ. ಮಕ್ಕಳಿಗಿ ಕುಡಿಸಬ್ಯಾಡ್ರಿ. ನನಗ ಅಳತಿ ತಿಳೀಲಿಲ್ಲ." ಒಂದು ಮನೆಯಲ್ಲಿ ಹುಡುಗನ ತಾಯಿ, ನಮ್ಮ ಹುಡುಗ ಅದರ ಮ್ಯಾಲ ಛಲೋ ಹೊಡಿತಾನ್ರಿ, ಏನೂ ಆಗಿಲ್ರಿ ಅಂದಳಂತೆ. "ಆಗೂದಕ್ಕ ಮೊದಲ ಬಿಡ್ರಿ," ಎಂದು ಹೇಳಿ ಬಂದ. ಇದೆಲ್ಲ ಓಣಿಯ ಹೆಂಗಸರಿಂದ ಮನೆಗೆ ಬಂತು.

ವೈಶಾಲಿ ಕಾಕು ಶೇಂಗಾ ಸುಲಿಯುತ್ತಿದ್ದಾಗ ಮಾನಸಿ ಹತ್ತಿರ ಹೋಗಿ ಕೂತಳು. ತಾನೂ ಒಂದು ಬೊಗಸೆ ಸುಲಿದಳು. ಆಮೇಲೆ ಎಲ್ಲ ಹೇಳಿದಳು. ಕಾಲುವೆ, ಕಬ್ಬು, ಕೀಲಿ, ಡಾಂಬರಿನ ಮೇಲೆ ಚೆಲ್ಲಿದ್ದು.

ಕಾಕುವಿನ ಕೈ ನಿಂತಿತು. ಆಶ್ಚರ್ಯಪಡಲಿಲ್ಲ ಅವಳು. ಅದರಿಂದಲೇ ಮಾನಸಿಗೆ ಹೆಚ್ಚು ಸಂಕಟವಾಯಿತು.

"ನನಗ ತಿಳೀಬೇಕಿತ್ತು," ಎಂದಳು ಕಾಕು. "ಎರಡೆರಡ ಬಾಟ್ಲಿ ಕುಡದಾಕಿ ಮನಿಗಿ ಬಂದ್ರೂ ಹಿತ್ತಲ ಕಡೆ ಹೋಗೂದಿಲ್ಲಲ್ಲ ಅಂತ ಒಮ್ಮೆ ಮನಸಿಗಿ ಬಂದಿತ್ತು. ಬಂದದ್ದು ಹಂಗ ಹೋತು."

"ಕಾಕಾಗ ನೀ ಹೇಳ ಕಾಕು."

"ನಾನಾ?" ಕಾಕು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಇಪ್ಪತ್ತ ವರ್ಷಾತು ಅವರ ಜೋಡಿ ಬಸ್ಸಿನ್ಯಾಗ ಓಡ್ಯಾಡಾಕತ್ತು. ಒಮ್ಮೆರ ಇಳೀಬ್ಯಾಕ್ರಿ ಅಂತ ಬಾಯಿ ಬಿಟ್ಟು ಹೇಳಿಲ್ಲ. ಈಗ ನಿನ್ನ ಹೆಸರ ತಗೊಂಡ ಅದನ್ನ ಹೆಂಗ ಹೇಳ್ಲಿ? ನಾಳಿಂದ ನಿನ್ನ ಮಾರಿ ನೋಡಾಕ ಅವ್ರು ನಾಚ್ತಾರ, ಅವರ ಮಾರಿ ನೋಡಾಕ ನೀ ನಾಚ್ತೀ."

"ಹೇಳಲಿಲ್ಲಂದ್ರ ತಮ್ಮದ ತಪ್ಪು ಅಂತ ಕುಂತಾರಲ್ಲ."

"ಹೂಂ," ಎಂದಳು ಕಾಕು. ಮತ್ತೆ ಶೇಂಗಾ ಒಡೆಯತೊಡಗಿದಳು.

ನಾಲ್ಕು ದಿನ ಮಾನಸಿ ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿದಳು. ಬರೆಯುವುದಾಗಿದ್ದರೆ ಬರುತ್ತಿತ್ತು. ಬಾಯಿಗೆ ಬರುವಂಥದ್ದು ಒಂದೂ ಸಿಗಲಿಲ್ಲ. ಐದನೇ ದಿನ ಕಾಕಾ ಹಿತ್ತಲಿನಲ್ಲಿ ಕೂತು ಬೂದಿ ಹಚ್ಚಿ ಬಾಟ್ಲಿಗಳನ್ನು ತಿಕ್ಕುತ್ತಿದ್ದ. ಮೇಲಿನ ಹಳದಿ ಗುರುತು ಹೋಗುವ ಹಾಗೆ ತಿಕ್ಕುತ್ತಿದ್ದ.

"ಗಿರಮಲ್ಲಪ್ಪನ ಹುಡುಗೂರಿಗೆ ಕೊಟ್ಟ ಬರ್ತೇನಿ," ಎಂದ, ತಲೆಯೆತ್ತದೆ. "ಇಲ್ಲಿದ್ದು ಏನ ಮಾಡೂದು."

"ಕಾಕಾ, ನಾ ಕುಡದಿದ್ದಿಲ್ರಿ."

ಕೈ ನಿಂತಿತು.

"ಅವತ್ತ ಕುಡದಿದ್ದಿಲ್ರಿ. ಅದಕ್ಕೂ ಮೊದಲಿಂದ ಕುಡದಿಲ್ರಿ. ಚೆಲ್ಲತಿದ್ನಿ." ಇಷ್ಟು ಹೇಳುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿ ಏನೂ ಕೇಳದಂತಾಯಿತು. "ನಿಮ್ಮ ಅಳತಿ ತಪ್ಪಿಲ್ರಿ."

ಕಾಕಾ ಅವಳನ್ನು ನೋಡಿದ. ಮೊದಲು ಅವನ ಹಣೆ ಬಿಚ್ಚಿಕೊಂಡಿತು. ಎಷ್ಟೋ ದಿನದಿಂದ ಕಟ್ಟಿದ್ದ ಗಂಟೊಂದು ಸಡಿಲಾದಂತೆ ಉಸಿರು ಬಿಟ್ಟ. "ಅಂದ್ರ ನೀರಿನಿಂದ ಆಗಿದ್ದಲ್ಲ?" ಎಂದ. "ಆ ಹುಡುಗೂರಿಗೆ ಏನೂ ಆಗೂದಿಲ್ಲ?" ಆಮೇಲೆ ಅದೇ ಮುಖ ನಿಧಾನಕ್ಕೆ ಸಣ್ಣದಾಯಿತು.

"ಯಾಕವ್ವಾ? ಯಾಕ ಚೆಲ್ಲಿದಿ?"

ಜೋಡಿಸಿಟ್ಟ ವಾಕ್ಯಗಳಲ್ಲಿ ಒಂದನ್ನು ಅವಳು ಹುಡುಕಿದಳು. ತುಟಿ ಅಲ್ಲಾಡಿತು. ಅವನು ಕಾಯ್ದ. ಕೊನೆಗೆ ಅವಳ ಪರವಾಗಿ ತಾನೇ ಉತ್ತರ ಹುಡುಕಿಕೊಂಡ.

"ರುಚಿ ಇದ್ದಿಲ್ಲೇನು?"

ಅವಳು ನೆಲ ನೋಡಿದಳು.

"ಒಂದ ಮಾತ ಹೇಳಬಾರದಾ?" ಕಾಕಾನ ದನಿಯಲ್ಲಿ ಸಿಟ್ಟಿರಲಿಲ್ಲ. "ಬೆಲ್ಲ ಕಡಿಮಿ ಮಾಡತಿದ್ನಲ್ಲ. ನಾ ಏನ ಬೈತಿದ್ನೇನು? ಕಾಕಾಗ ಬ್ಯಾಸರಾಗತೈತಿ ಅಂತ ಅಷ್ಟ ದಿನ ನುಂಗಿಕೊಂಡ ಕುಂತ್ಯಾ… ಹುಚ್ಚಿ." ಬಾಟ್ಲಿಯನ್ನು ತೊಳೆದು ಬೋರಲು ಇಟ್ಟ. "ಈ ವರ್ಷದ ಬೆಲ್ಲಾನ ಸರಿ ಬಂದಿದ್ದಿಲ್ಲ. ಒಂದೀಟು ಉಪ್ಪುಪ್ಪು ಇತ್ತು. ನನಗೂ ಅನಿಸಿತ್ತು. ನಡಿ, ಬೆಳಗಲಿ ಕಡೆ ಇನ್ನೂ ಗಾಣ ನಡದಾವು. ನಿನಗ ಯಾವುದು ಸೇರತೈತಿ ನೀನ ಆರಿಸು."

ಅಲ್ಲ ಎನ್ನುವುದಕ್ಕೆ ಅದು ಕೊನೆಯ ಹೊತ್ತು ಎಂದು ಅವಳಿಗೆ ಗೊತ್ತಿತ್ತು. ಕಾಕಾ ಆಗಲೇ ಮೋಟರ್ ಸೈಕಲ್ಲಿನ ಧೂಳು ಒರೆಸುತ್ತಿದ್ದ. ಅವಳು ಹಿಂದೆ ಹತ್ತಿ ಕೂತಳು.

ರನ್ನ ಬೆಳಗಲಿಯ ಹೊಲದಲ್ಲಿ ಗಾಣದ ಕೊಪ್ಪರಿಗೆ ಕುದಿಯುತ್ತಿತ್ತು. ನಾಲ್ಕಾರು ಗಂಡಸರು ಒಲೆಗೆ ಸಿಪ್ಪೆ ನೂಕುತ್ತಿದ್ದರು, ಹೊಗೆ ಕಬ್ಬಿನ ಮೇಲೆ ಹಾಯ್ದು ಹೋಗುತ್ತಿತ್ತು. ಗಾಣದ ಯಜಮಾನ ಕಾಶಪ್ಪ ಒಂದೊಂದು ಗಡಿಗೆಯ ಬಟ್ಟೆ ಬಿಚ್ಚಿ ಕಡ್ಡಿಯಲ್ಲಿ ಅದ್ದಿ ಕೊಟ್ಟ. ಕಾಕಾ ಅವಳ ಮುಖವನ್ನೇ ನೋಡುತ್ತಿದ್ದ.

"ಇದು?"

"ಛಲೋ ಐತ್ರಿ."

"ಸುಮ್ಮ ಛಲೋ ಅನಬ್ಯಾಡ. ಮೊದಲಿನಂಗ ನನ್ನ ಸಮಾಧಾನಕ್ಕ ಹೇಳಬ್ಯಾಡ. ಖರೆ ಹೇಳು. ಕುಡೀಬೇಕಾದಾಕಿ ನೀ."

"ಖರೇನ ಛಲೋ ಐತ್ರಿ ಕಾಕಾ."

ಅವನು ನಕ್ಕ. ರೇಸಿನ ದಿನದ ನಂತರ ಅವನು ನಕ್ಕದ್ದು ಅದೇ ಮೊದಲು. ಎರಡು ಗಡಿಗೆ ಕಟ್ಟಲು ಹೇಳಿ, ಕಾಶಪ್ಪನಿಗೆ ಅಳತೆಯ ಮಾತು ಹೇಳತೊಡಗಿದ. ಇನ್ನು ಮೇಲೆ ಇಷ್ಟಿಷ್ಟೇ ಹಾಕುತ್ತಾನಂತೆ, ನಿಂಬೆ ಅರ್ಧ ಸಾಕಂತೆ, ಮಗ್ಗದವರ ಓಣಿಗೆ ಮತ್ತೆ ಹೋಗಿ ಹೇಳಬೇಕಂತೆ. ಮುಂದಿನ ವರ್ಷದ ಆಯ್ಕೆಗೆ ಇನ್ನೂ ಬಹಳ ದಿನ ಇವೆಯಂತೆ. ಬೆಲ್ಲ ತಿಂದ ಮಾನಸಿಯ ಬಾಯಿ ಅಂಟಂಟಾಗಿ, ಗಂಟಲು ಒಣಗಿ ಬಂದಿತ್ತು. ಮನೆಗೆ ಹೋಗಲು ದೂರದ ದಾರಿ ಇತ್ತು. ಸುತ್ತ ಬಯಲು ಹೊಲ, ಒಲೆಯ ಮುಂದೆ ಗಂಡಸರು.

ಕಾಶಪ್ಪ ಮಣ್ಣಿನ ಗಡಿಗೆಯಿಂದ ನೀರು ಮೊಗೆದು ತಂದ. ಕಾಕಾ ತನ್ನ ಕರವಸ್ತ್ರ ಮಡಚಿ ತಂಬಿಗೆಯ ಬಾಯಿಗೆ ಹಿಡಿದು ಸೋಸಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಕುಡಿದ. ಇನ್ನೊಂದು ತಂಬಿಗೆ ಸೋಸಿ ಅವಳ ಕಡೆ ಚಾಚಿದ.

"ತಗೋ. ಬಿಸಲಾಗ ಬಂದೀದಿ."

"ಬ್ಯಾಡ್ರಿ ಕಾಕಾ," ಎಂದಳು ಮಾನಸಿ. "ಮನಿಗಿ ಹೋಗಿ ಕುಡಿತೇನಿ."